ಹತ್ತು ಅಂಕದ ಬಿರಿಯಾನಿ

ನನ್ನ ಹೆಂಡತಿ ಸರಳಾ ನಲವತ್ತನೇ ವಯಸ್ಸಿಗೆ ಲಾ ಕಾಲೇಜು ಸೇರಿದಾಗ ಹೊಸೂರಿನಲ್ಲಿ ನನ್ನಷ್ಟು ಬೀಗಿದವರಿಲ್ಲ. ಹದಿನೆಂಟು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿದ್ದ ನ್ಯಾಯಾಲಯಕ್ಕೆ ಈಗಲಾದರೂ ಮಾನ್ಯತೆ ಸಿಗುತ್ತದಲ್ಲ! ಆದರೆ ಕಾಂಟ್ರಾಕ್ಟ್ ಪೇಪರಿನಲ್ಲಿ ಫೇಲಾದಳು. ಪ್ರತಿ ಉತ್ತರವನ್ನೂ ‘ತಪ್ಪು ಅವನದೇ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಳು (ಮನೆಯ ಅಭ್ಯಾಸ). ಪಕ್ಕದಲ್ಲಿ ಮೇಷ್ಟ್ರು ಕೆಂಪು ಮಸಿಯಲ್ಲಿ ‘ಯಾಕೆ?’ ಎಂದು ಬರೆದಿದ್ದರು. ನನಗೆ ಹದಿನೆಂಟು ವರ್ಷದಿಂದ ಕೇಳಲಾಗದ ಪ್ರಶ್ನೆಯನ್ನು ಆ ಪುಣ್ಯಾತ್ಮ ಕೇಳಿಬಿಟ್ಟಿದ್ದ.

ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆದ ನಾನು ತಕ್ಷಣ ಗುರುಪೀಠ ಏರಿದೆ. ಉತ್ತರದಲ್ಲಿ ಮೊದಲು ವಿವಾದ ಏನು, ಆಮೇಲೆ ಕಾನೂನು ಏನು, ಅದು ಈ ಸಂಗತಿಗೆ ಹೇಗೆ ಹೊಂದುತ್ತದೆ, ಎರಡೂ ಕಡೆಯ ವಾದ, ಕಟ್ಟಕಡೆಗೆ ತೀರ್ಪು. ಪ್ರಶ್ನೆಯಲ್ಲಿ ಕೊಟ್ಟ ಒಂದು ಸಂಗತಿಯನ್ನೂ ಬಿಡಕೂಡದು ಎಂದು ಒತ್ತಿ ಒತ್ತಿ ಹೇಳಿದೆ.

ಈ ವಿದ್ಯಾದಾನದಲ್ಲಿ ನನ್ನ ಸ್ವಾರ್ಥವೂ ಇತ್ತು. ಅದು ಶನಿವಾರದ ವ್ರತಗಳ ಪುರಟಾಸಿ ತಿಂಗಳು. ನಮ್ಮ ಕಡೆ ಮಾಂಸ ಮುಟ್ಟುವಂತಿಲ್ಲ. ಸಾಲದ್ದಕ್ಕೆ, ಪರೀಕ್ಷೆ ಪಾಸಾಗಲಿ ಎಂದು ಸರಳಾ ತಿಮ್ಮರಾಯಸ್ವಾಮಿಗೆ ನನ್ನ ಪರವಾಗಿಯೂ ಮಾಂಸ ಬಿಡುವ ಹರಕೆ ಹೊತ್ತಿದ್ದಳು. ನಾನೋ, ಪಕ್ಕದ ಬೇರಿಕೆ ಊರಿನ ಗೆಳೆಯ ಮುನೀಂದ್ರನ ಮನೆಯಲ್ಲಿ ಬಿರಿಯಾನಿ ಬಾರಿಸಿ ಬಂದಿದ್ದೆ. ಬಾಯಿಗೆ ಬೀಗವಿಲ್ಲದ ಆ ಮುನೀಂದ್ರ ಶನಿವಾರ ಊಟಕ್ಕೆ ಬರುವವನಿದ್ದ. ಅಷ್ಟರೊಳಗೆ ಇವಳ ಕೈಯಿಂದಲೇ ನನ್ನ ಖುಲಾಸೆ ಬರೆಸಿಕೊಳ್ಳಬೇಕಿತ್ತು.

ಪ್ರಶ್ನೆ ತಯಾರಿಸಿದೆ: ‘ಎ’ ಎಂಬ ಗಂಡನನ್ನು ಕೇಳದೆ ‘ಬಿ’ ಎಂಬ ಹೆಂಡತಿ ಅವನ ಪರವಾಗಿ ಹರಕೆ ಹೊತ್ತಳು. ‘ಎ’ ಬಿರಿಯಾನಿ ತಿಂದ. ಹರಕೆಗೆ ಅವನು ಬದ್ಧನೇ? (ಹತ್ತು ಅಂಕ.) ಓದುವವರಿಗೆ ಅಯ್ಯೋ ಪಾಪ ಅನ್ನಿಸಲಿ ಎಂದು, ಮೂಳೆ ಕಚ್ಚಿ ‘ಎ’ಯ ಎಡದವಡೆ ಹಲ್ಲು ಮುರಿಯಿತು ಎಂದೂ ಸೇರಿಸಿದೆ.

ಸರಳಾ ನಾಲ್ಕು ಪುಟ ಬರೆದಳು. ಮೊದಲ ಎರಡು ಪುಟ ಓದುತ್ತಾ ನನಗೆ ಆನಂದಬಾಷ್ಪ: ಅನುಮತಿಯಿಲ್ಲದೆ ಇನ್ನೊಬ್ಬರ ಪರವಾಗಿ ಕೊಟ್ಟ ಮಾತು ಅವರನ್ನು ಕಟ್ಟಿಹಾಕುವುದಿಲ್ಲ. ಮೂರನೇ ಪುಟ ‘ಆದರೆ’ ಎಂದು ಶುರುವಾಯಿತು. ವಿಷಯ ತಿಳಿದೂ ಅದರ ಫಲ ಉಂಡವನು ಒಪ್ಪಿಕೊಂಡಂತೆಯೇ. ‘ಎ’ ಪ್ರತಿ ಶನಿವಾರ ನಾಮ ಹಾಕಿಕೊಂಡು ಹರಕೆಯ ಸಕ್ಕರೆ ಪೊಂಗಲನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದಾನೆ.

“ಪೊಂಗಲ್ ವಿಷಯ ನಾನು ಕೊಟ್ಟೇ ಇಲ್ಲವಲ್ಲ?” ಎಂದೆ.

“ಹಲ್ಲಿನ ವಿಷಯ ಕೊಟ್ಟಿದ್ದೀರಲ್ಲ,” ಅಂದಳು ಸರಳಾ, ತಣ್ಣಗೆ. “ಅನ್ನದಾಗೆ ಕಲ್ಲಿತ್ತು, ಅದ್ಕೇ ಹಲ್ಲು ಮುರೀತು ಅಂತ ಹೋದ್ ವಾರ ನನ್ನ ಬಯ್ದಿದ್ಯಾರು? ಪಾಪ ನನ್ನಿಂದ ಹಿಂಗಾಯ್ತಲ್ಲ ಅಂತ ನಾನು ಅತ್ತೂ ಬುಟ್ಟೆ.”

ನಾಲ್ಕನೇ ಪುಟದ ತೀರ್ಪು ಓದಿದೆ: ದೀಪಾವಳಿಯ ಮಟನ್ ಜಪ್ತಿ, ಜೊತೆಗೆ ಒಂದು ವರ್ಷ ಮನೆಯ ಅಕ್ಕಿಯನ್ನೆಲ್ಲ ‘ಎ’ಯೇ ಆರಿಸತಕ್ಕದ್ದು. ಹತ್ತಕ್ಕೆ ಹತ್ತು ಕೊಟ್ಟೆ. ಬೇರೆ ದಾರಿ ಏನಿತ್ತು?

ಶನಿವಾರ ಮುನೀಂದ್ರ ಬರಲೇ ಇಲ್ಲ. ಪರೀಕ್ಷೆಯಲ್ಲಿ ಸರಳಾ ಕಾಲೇಜಿಗೇ ಮೊದಲು ಬಂದಳು. ನಾನು ದಿನಾ ಬೆಳಗ್ಗೆ ಜಗಲಿಯ ಮೇಲೆ ಮೊರ ಹಿಡಿದು ಕೂರುತ್ತೇನೆ. ಇದುವರೆಗೆ ಒಂದು ಕಲ್ಲೂ ಸಿಕ್ಕಿಲ್ಲ.