ಬಾಯ್ಲರಿನ ಕೊರಳಿಗೆ ಹೂಮಾಲೆ

ತನ್ನೊಳಗೆ ಏನು ಕೆಟ್ಟಿದೆ ಎಂದು ಹೇಳಿಕೊಳ್ಳುವ ವಿಷಯದಲ್ಲಿ ಮನುಷ್ಯನಿಗಿಂತ ಯಂತ್ರವೇ ಹೆಚ್ಚು ಸಭ್ಯ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ನಮ್ಮಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ಮೊದಲು ಮುಖ ಊದುತ್ತದೆ, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸಪ್ಪಳ ಹೆಚ್ಚುತ್ತದೆ, ಹೋಗಿ ಕೇಳಿದರೆ "ಏನಿಲ್ಲ" ಎಂಬ ಉತ್ತರ ಬರುತ್ತದೆ. ಆ "ಏನಿಲ್ಲ"ದ ಅರ್ಥ ಬಿಡಿಸುವ ಪುಸ್ತಕವನ್ನು ಯಾವ ಕಂಪನಿಯೂ ಈವರೆಗೆ ಅಚ್ಚು ಹಾಕಿಸಿಲ್ಲ. ನಮ್ಮ ಗರಾಜಿನ ಗೋಡೆಗೆ ನೇತುಬಿದ್ದಿರುವ ಗ್ಯಾಸ್ ಬಾಯ್ಲರ್ ಹಾಗಲ್ಲ. ಅದಕ್ಕೆ ಏನಾದರೂ ತೊಂದರೆಯಾದರೆ ಎದೆಯ ಮೇಲಿನ ಪುಟ್ಟ ಗಾಜಿನಲ್ಲಿ ಒಂದು ಅಕ್ಷರ, ಎರಡು ಅಂಕಿ ತೋರಿಸಿ ತೆಪ್ಪಗೆ ನಿಲ್ಲುತ್ತದೆ. ಪುಸ್ತಕ ತೆಗೆದು ಆ ಅಂಕಿಯ ಎದುರು ಓದಿಕೊಂಡರೆ ಕಾರಣ ಇರುತ್ತದೆ, ಪರಿಹಾರವೂ ಇರುತ್ತದೆ. ಇಂಥ ಸತ್ಯವಂತ ಯಂತ್ರದ ಎದುರಿಗೆ ನಿಂತುಕೊಂಡೇ ನಾನೊಂದು ಸುಳ್ಳನ್ನು ಒಂದಿಡೀ ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಹೇಳಿಬಿಡೋಣ ಎಂದೇ ಕುಳಿತಿದ್ದೇನೆ.

ಮೊದಲು ನನ್ನ ಬಾಯ್ಲರ್ ಪಾಂಡಿತ್ಯದ ಮೂಲ ಹೇಳಬೇಕು. ನಾನು ಗದಗಿನಲ್ಲಿ ಮೆಟ್ರಿಕ್‌ವರೆಗೆ ಓದಿದವನು. ನನ್ನ ಹೆಂಡತಿ ಸುಮಿತ್ರಾ ನರ್ಸು. ಅವಳಿಗೆ ಈ ದೇಶದಲ್ಲಿ ಕೆಲಸ ಸಿಕ್ಕಿತು; ಅವಳ ಸೂಟ್‌ಕೇಸುಗಳ ಜೊತೆ ನಾನೂ ಬಂದೆ. ವಾಲ್ನಟ್ ಕ್ರೀಕ್‌ನಲ್ಲಿ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಅಲ್ಲಿ ಆನೆಯಂಥ ಎರಡು ಬಾಯ್ಲರುಗಳಿದ್ದವು. ನನ್ನ ಕೆಲಸ ಚಾದರ ಮಡಚುವುದು. ಬಾಯ್ಲರ್ ಕೋಣೆಯ ಬಾಗಿಲ ಮುಂದೆ ಹಾದುಹೋಗುವಾಗ ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ನನಗೂ ಬಾಯ್ಲರಿಗೂ ಇದ್ದ ಸಂಬಂಧ ಅಷ್ಟೇ. ಆದರೆ ನಿವೃತ್ತನಾದ ಮೇಲೆ, ಯಾರಾದರೂ ಕೇಳಿದರೆ, "ಇಪ್ಪತ್ತಾರು ವರ್ಷ ಬಾಯ್ಲರ್ ಹತ್ತಿರ ಕೆಲಸ ಮಾಡಿದೀನಿ" ಅನ್ನುವ ಚಟ ಅಂಟಿತು. ಹತ್ತಿರ ಎಂಬ ಮಾತು ಸುಳ್ಳೇನಲ್ಲ. ನಡುವೆ ಒಂದು ಗೋಡೆ ಇತ್ತು, ಅಷ್ಟೇ.

ಈ ಸಲದ ದೀಪಾವಳಿಗೆ ಮಗಳು ವೀಣಾ, ಅಳಿಯ ಕಾರ್ತಿಕ್ ಎಮರಿವಿಲ್ಲಿನಿಂದ ಸ್ಯಾನ್ ರಮೋನಿನ ನಮ್ಮ ಮನೆಗೆ ಬಂದರು. ಮದುವೆಯಾದ ಮೇಲೆ ಅಳಿಯನಿಗೆ ಇದು ಮೊದಲ ದೀಪಾವಳಿ. ಅಳಿಯನನ್ನು ಕೂರಿಸಿ ಎಣ್ಣೆ ಹಚ್ಚಿ, ಆರತಿ ಮಾಡಿ, ಸುಡುಸುಡು ನೀರು ಹಾಕದಿದ್ದರೆ ಅದು ದೀಪಾವಳಿಯೇ ಅಲ್ಲ ಎಂಬುದು ಸುಮಿತ್ರಾಳ ಮತ. ಹಿಂದಿನ ದಿನ, ಶನಿವಾರ ಸಂಜೆ, ನೀರು ತುಂಬುವ ಹಬ್ಬ. ಊರಲ್ಲಾದರೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದೆವು. ಇಲ್ಲಿ ಹಂಡೆ ಎಲ್ಲಿಂದ ತರುವುದು? ನೀರು ಕಾಯಿಸುವುದು ಬಾಯ್ಲರ್. ಆದ್ದರಿಂದ ಅದೇ ನಮ್ಮ ಹಂಡೆ. ಪ್ರತಿ ವರ್ಷ ಅದರ ಬಿಳಿ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಒಂದು ಹೂವಿಟ್ಟು ಕೈಮುಗಿಯುತ್ತೇವೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಅಳಿಯ ಬಂದಿದ್ದಾನೆ, ಈ ಸಲ ಸ್ವಲ್ಪ ಜೋರಾಗಲಿ ಅನ್ನಿಸಿತು. ಹಿತ್ತಿಲಿನ ಹಾಗಲಬಳ್ಳಿ ಕಿತ್ತು, ಅದಕ್ಕೆ ಚೆಂಡುಹೂ ಒತ್ತೊತ್ತಾಗಿ ಕಟ್ಟಿ ಗರಾಜಿಗೆ ತಂದೆ. ಬಾಯ್ಲರಿಗೆ ಕೊರಳೇ ಇಲ್ಲ! ಚೌಕಾಕಾರದ ಪೆಟ್ಟಿಗೆ. ಕೊರಳು ಹುಡುಕುತ್ತ ಮನೆಯ ಹೊರಗೆ ಹೋದೆ. ಅಲ್ಲಿ ಗೋಡೆಯಿಂದ ಮೊಣಕೈಯ ಹಾಗೆ ಬಾಯ್ಲರಿನ ಎರಡು ಬಿಳಿ ಪೈಪುಗಳು ಹೊರಚಾಚಿಕೊಂಡಿದ್ದವು. ಒಂದರಿಂದ ಬಿಸಿ ಹಬೆ ಬರುತ್ತಿತ್ತು, ಅದು ಬೇಡವೆನಿಸಿತು. ಇನ್ನೊಂದು ತಣ್ಣಗಿತ್ತು. ಅದರ ಬಾಯಿಯ ಸುತ್ತ ಬಳ್ಳಿಯನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಆಗ ಒಂದು ಸೋಜಿಗ ನಡೆಯಿತು. ಹೂವಿನ ಎಸಳುಗಳು ತಾವಾಗಿಯೇ ಪೈಪಿನ ಬಾಯಿಯ ಕಡೆಗೆ ಬಾಗಿದವು. ನಾಲ್ಕೈದು ಎಸಳು ಕಣ್ಣೆದುರೇ ಸುಯ್ಯೆಂದು ಒಳಗೆ ಹೋದವು. ದೇವರು ಹೂ ಕೊಡುವುದನ್ನು ಗುಡಿಗಳಲ್ಲಿ ನೋಡಿದ್ದೆ. ತೆಗೆದುಕೊಳ್ಳುವುದನ್ನು ನೋಡಿದ್ದು ಅದೇ ಮೊದಲು. ಮೈ ಜುಮ್ಮೆಂದಿತು. ಇಂಥ ಅನುಭವ ಹೇಳಿಕೊಂಡರೆ ಫಲ ಹೋಗುತ್ತದೆಂದು ಯಾರಿಗೂ ಹೇಳದೆ ಒಳಗೆ ಬಂದು ಊಟಕ್ಕೆ ಕುಳಿತೆ.

ಭಾನುವಾರ ಬೆಳಗಾಗುವ ಮೊದಲೇ ಸುಮಿತ್ರಾ ಎಲ್ಲರನ್ನೂ ಎಬ್ಬಿಸಿ, ಸಾಲಾಗಿ ಕೂರಿಸಿ, ಬಿಸಿ ಮಾಡಿದ ಕೊಬ್ಬರಿ ಎಣ್ಣೆಯನ್ನು ನಡುನೆತ್ತಿಯಿಂದ ಇಳಿಸಿದಳು. ಕಾರ್ತಿಕನ ಹುಬ್ಬಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆರತಿಯಾಯಿತು. ಅಳಿಯ ಬಚ್ಚಲಿಗೆ ಹೋದ. ಒಳಗಿನಿಂದ ಒಂದು ಕೂಗು ಬಂತು.

"ಅಂಕಲ್! ನೀರು ಫುಲ್ ಐಸು!"

ಗರಾಜಿಗೆ ಹೋಗಿ ನೋಡಿದರೆ ಬಾಯ್ಲರ್ ಕುಂಕುಮವಿಟ್ಟುಕೊಂಡು ಮೌನವಾಗಿ ನಿಂತಿದೆ. ಗಾಜಿನಲ್ಲಿ ಇ-೧೧.

"ಒಲಿ ಮ್ಯಾಲ ಎರಡು ಪಾತೇಲಿ ನೀರು ಇಡ್ತೀನಿ" ಎಂದಳು ಸುಮಿತ್ರಾ.

"ಹತ್ತು ನಿಮಿಷ ತಡೀಯೇ. ನಾನಿಲ್ಲೇನು?"

"ಅದಕ್ಕ ಇಡ್ತೀನಿ ಅಂದದ್ದು."

ಪುಸ್ತಕ ತೆಗೆದೆ. ಇ-೧೧ರ ಎದುರು, ಉರಿ ಹೊತ್ತಿಕೊಂಡಿಲ್ಲ ಎಂದಿತ್ತು. ಅದರ ಕೆಳಗೆ ನೋಡಬೇಕಾದವುಗಳ ಪಟ್ಟಿ: ಗ್ಯಾಸಿನ ತಿರುಗಣಿ ತೆರೆದಿದೆಯೇ, ಗಾಳಿಯ ಪೈಪು ಖಾಲಿಯಿದೆಯೇ, ಕಿಡಿ ಹೊತ್ತಿಸುವ ಕಡ್ಡಿ ಸರಿಯಿದೆಯೇ. ಇದನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡಬೇಕೆಂದು ದಪ್ಪಕ್ಷರದಲ್ಲಿ ಬರೆದಿದ್ದರು. ಬಾಯ್ಲರ್ ಹತ್ತಿರ ಇಪ್ಪತ್ತಾರು ವರ್ಷ ಕಳೆದವನಿಗೆ ಅದೆಲ್ಲ ಬೇಕೆ? ಒಮ್ಮೆಲೇ ಕೊನೆಯದಕ್ಕೆ ಹಾರಿದೆ. ಕಿಡಿಯ ಕಡ್ಡಿ! ಹತ್ತು ದಿನದ ಹಿಂದೆ ವಾರ್ಷಿಕ ಸರ್ವೀಸಿಗೆ ರಾಮಿರೊ ಎಂಬ ಮೆಕ್ಯಾನಿಕ್ ಬಂದು ಅದೇ ಕಡ್ಡಿಯನ್ನು ಬಿಚ್ಚಿ ಒರೆಸಿ ಹಾಕಿದ್ದ. ಕೆಡಿಸಿದವನು ಅವನೇ. ತೀರ್ಪಾಯಿತು.

ಕಾರ್ತಿಕ್ ಟವೆಲ್ ಸುತ್ತಿಕೊಂಡು ಬಂದು ಮಿರಿಮಿರಿ ಮಿಂಚುತ್ತ ಹಿಂದೆ ನಿಂತ. "ಅಂಕಲ್, ಇಂಟರ್ನೆಟ್‌ನಲ್ಲಿ ನೋಡ್ಲಾ? ಫಾಲ್ಟ್ ಕೋಡ್ ಹಾಕಿದ್ರೆ ಬರತ್ತೆ."

"ಇಂಟರ್ನೆಟ್ ಬಾಯ್ಲರ್ ನೋಡಿದೆಯೇನಪ್ಪಾ?" ಎಂದೆ.

"Dad, just call someone," ಎಂದಳು ವೀಣಾ. ಅವಳಿಗೆ ಸಿಟ್ಟು ಬಂದಾಗ ಕನ್ನಡ ಮೊದಲು ಹೋಗುತ್ತದೆ.

ಕಂಪನಿಗೆ ಫೋನ್ ಮಾಡಿದೆ. ಭಾನುವಾರವಾದರೂ ಒಬ್ಬ ಹೆಂಗಸು ಎತ್ತಿದಳು. ಅಳಿಯ ಪಕ್ಕದಲ್ಲೇ ಇದ್ದನಲ್ಲ, ನನ್ನ ದನಿ ತಾನಾಗಿ ಏರಿತು. ನಿಮ್ಮ ಮನುಷ್ಯ ಕಿಡಿಯ ಕಡ್ಡಿ ಹಾಳು ಮಾಡಿದ್ದಾನೆ, ಅವನಿಗೆ ಕೆಲಸ ಬರುವುದಿಲ್ಲ, ನಾನು ಬಾಯ್ಲರ್ ಬಲ್ಲವನು, ಬರೆದುಕೊಳ್ಳಿ ಎಂದೆ. ಅವಳು ಬರೆದುಕೊಂಡಳು. ಕೀಲಿಮಣೆಯ ಟಕಟಕ ಕೇಳಿಸಿತು. "ಕ್ಷಮಿಸಿ ಸರ್, ರಾಮಿರೊಗೆ ಇನ್ನೂ ಕೆಲಸ ಖಾಯಂ ಆಗಿಲ್ಲ. ಇಂಥ ದೂರು ಬಂದರೆ ಮ್ಯಾನೇಜರ್ ಅವನನ್ನು ಮುಂದುವರಿಸುವುದಿಲ್ಲ. ನಾಳೆ ರಾಮಿರೊನೇ ಬಂದು ಯಂತ್ರ ನೋಡುತ್ತಾನೆ, ಸಂಜೆ ತೀರ್ಮಾನವಾಗುತ್ತದೆ" ಎಂದಳು. ಮುಂದುವರಿಸುವುದಿಲ್ಲ ಎಂಬ ಮಾತು ಕಿವಿಗೆ ಸ್ವಲ್ಪ ಚುಚ್ಚಿತು. ಆದರೆ ಕಾರ್ತಿಕ್ ಮೆಚ್ಚುಗೆಯಿಂದ ನೋಡುತ್ತಿದ್ದ. ಫೋನ್ ಇಟ್ಟೆ.

ಪಾತೇಲಿಯ ನೀರಿನಲ್ಲಿ ಎಲ್ಲರ ಸ್ನಾನ ಮುಗಿಯಿತು ಎನ್ನುವುದಕ್ಕಿಂತ ಎಣ್ಣೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು ಎನ್ನಬಹುದು. ಅಳಿಯ ಸೋಫಾಕ್ಕೆ ಎಣ್ಣೆತಲೆ ತಾಗಿಸದೆ ನೆಟ್ಟಗೆ ಕುಳಿತು ಹೋಳಿಗೆ ತಿಂದ.

ಊಟದ ನಂತರ ನನಗೆ ನಿದ್ದೆ ಬರಲಿಲ್ಲ. ಪುಸ್ತಕ ಬಿಟ್ಟಿರಲಾಗಲಿಲ್ಲ. ಭೂತಕನ್ನಡಿ ಹಿಡಿದು ಕೋಡುಗಳ ಪಟ್ಟಿಯನ್ನು ಆರಂಭದಿಂದ ಓದತೊಡಗಿದೆ. ಎಷ್ಟು ಬಗೆಯ ದುಃಖಗಳಿವೆ ಬಾಯ್ಲರಿಗೆ! ನೀರಿನ ಒತ್ತಡ ಕಡಿಮೆಯಾದರೆ ಒಂದು, ಮೈ ಅತಿಯಾಗಿ ಕಾದರೆ ಒಂದು, ಉರಿ ಇಲ್ಲದಿದ್ದಾಗ ಇದೆಯೆಂದು ಭ್ರಮೆಯಾದರೆ ಅದಕ್ಕೂ ಒಂದು. ಭ್ರಮೆಗೂ ನಂಬರ್ ಕೊಟ್ಟ ಪುಣ್ಯಾತ್ಮ ಯಾರಿರಬಹುದು ಎಂದು ಬಹಳ ಹೊತ್ತು ಯೋಚಿಸಿದೆ. ಒಂದು ಕೋಡಿನ ಹಿಂದೆ ಇನ್ನೊಂದು ಅಡಗಿರಬಹುದು, ರೀಸೆಟ್ ಒತ್ತಿ ಕಾದು ನೋಡಿ ಎಂದೂ ಇತ್ತು. ಮತ್ತೆ ಮತ್ತೆ ಒತ್ತಬೇಡಿ ಎಂಬ ಎಚ್ಚರಿಕೆಯೂ ಇತ್ತು. ಕುತೂಹಲ ತಡೆಯದೆ ಗರಾಜಿಗೆ ಹೋಗಿ ಒಂದೇ ಒಂದು ಸಲ ಒತ್ತಿದೆ. ಫ್ಯಾನ್ ತಿರುಗಿತು. ಏದುಸಿರು ಬಿಡುವ ಮುದುಕನ ಹಾಗೆ ಕೊರಕೊರ ಸದ್ದು. ಕಿಡಿ ಟಿಕ್ ಟಿಕ್ ಎಂದಿತು. ಕಿಡಿ ಸರಿಯಾಗಿಯೇ ಇದೆ! ಆಮೇಲೆ ಎಲ್ಲ ನಿಂತು ಗಾಜಿನಲ್ಲಿ ಹೊಸ ಅಂಕಿ ಬಂತು: ಇ-೧೬. ಪುಟ ತಿರುಗಿಸಿದೆ. ಉರಿಗೆ ಗಾಳಿ ಸಾಲುತ್ತಿಲ್ಲ. ಮನೆಯ ಹೊರಗೆ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಮುಚ್ಚಿರಬಹುದು. ಅಲ್ಲೊಂದು ಚಿತ್ರವೂ ಇತ್ತು. ಮೊಣಕೈಯಂಥ ಬಿಳಿ ಪೈಪು. ಬಾಣದ ಗುರುತು ಒಳಮುಖವಾಗಿತ್ತು.

ದೇವರು ಹೂ ತೆಗೆದುಕೊಂಡಿರಲಿಲ್ಲ.

ಹೊರಗೆ ಓಡಿದೆ. ನನ್ನ ವಯಸ್ಸಿನವನು ಓಡಿದ ಎಂದರೆ ಬೇಗ ನಡೆದ ಎಂದು ಓದಿಕೊಳ್ಳಬೇಕು. ಹಾಗಲಬಳ್ಳಿ, ಚೆಂಡುಹೂ ಎಲ್ಲ ಒದ್ದೆ ಮುದ್ದೆಯಾಗಿ ಪೈಪಿನ ಬಾಯಿಗೆ ಬಿರಡೆಯಂತೆ ಕೂತಿದ್ದವು. ಕಿತ್ತು ತೆಗೆದೆ, ಕಾಂಪೋಸ್ಟ್ ಡಬ್ಬಿಯ ತಳಕ್ಕೆ ತುರುಕಿ, ಮೇಲೆ ಒಣಗಿದ ಎಲೆ ಮುಚ್ಚಿದೆ. ಒಳಗೆ ಬಂದು ಕೈಮುಗಿದು ರೀಸೆಟ್ ಬಟನ್ ಒತ್ತಿದೆ. ಉರಿ ಹೊತ್ತಿಕೊಂಡಿತು. ಹತ್ತು ನಿಮಿಷದಲ್ಲಿ ನಲ್ಲಿಯಲ್ಲಿ ಹಬೆಯಾಡುವ ನೀರು.

"ಏನಾಗಿತ್ರೀ?" ಎಂದಳು ಸುಮಿತ್ರಾ.

"ಗಾಳಿ ಸಮಸ್ಯೆ ಇತ್ತು. ಸರಿಮಾಡಿದೆ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಗಮನಿಸಬೇಕು.

ಕಾರ್ತಿಕ್ ಎರಡನೇ ಸ್ನಾನ ಮುಗಿಸಿ ಬಂದು, "ಅಂಕಲ್, ಯು ಆರ್ ಗ್ರೇಟ್! ನಮ್ಮ ಆಫೀಸಲ್ಲಿ ಎಂಜಿನಿಯರ್‌ಗಳಿಗೂ ಹೀಗೆ ಡೀಬಗ್ಗು ಮಾಡಕ್ಕೆ ಬರಲ್ಲ" ಎಂದು, ಮೈಸೂರಿನಲ್ಲಿರುವ ತಾಯಿಗೆ ಫೋನಿನಲ್ಲಿ ನನ್ನನ್ನು ತೋರಿಸಿ ವರ್ಣಿಸಿದ. ಬೀಗಿತ್ತಿಗೆ ನಾನು ನಮ್ರತೆಯಿಂದ ನಮಸ್ಕಾರ ಮಾಡಿದೆ. ಆ ನಮಸ್ಕಾರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಂಪನಿಗೆ ಫೋನ್ ಮಾಡಿ ದೂರು ಹಿಂತೆಗೆದುಕೊಳ್ಳಬೇಕೆಂದು ಎರಡು ಸಲ ಎದ್ದೆ. ಎರಡು ಸಲವೂ ಅಳಿಯ ಯಾರಿಗೋ ನನ್ನನ್ನು ಹೊಗಳುತ್ತಿದ್ದ. ಕುಳಿತೆ.

ಸೋಮವಾರ ಮಗಳು ಅಳಿಯ ಹೊರಟ ಮೇಲೆ ರಾಮಿರೊ ಬಂದ. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ ಮನುಷ್ಯ. ಹತ್ತು ದಿನದ ಹಿಂದೆ ಹಾಡು ಗುನುಗುತ್ತ ಕೆಲಸ ಮಾಡಿದ್ದವನು ಈ ಸಲ ತಲೆ ತಗ್ಗಿಸಿ ನೇರ ಗರಾಜಿಗೆ ನಡೆದ. ಬಾಯ್ಲರ್ ಉರಿಯುತ್ತಿದೆ, ನೋಡುವುದೇನೂ ಬೇಡ ಎಂದು ನಾನು ಅವಸರ ಮಾಡಿದೆ. "ಇಲ್ಲ ಸರ್, ನನ್ನ ತಪ್ಪು ಏನೆಂದು ನನಗೆ ಗೊತ್ತಾಗಬೇಕು" ಎಂದು ಮುಚ್ಚಳ ಬಿಚ್ಚಿದ. ಫ್ಯಾನಿನ ಹತ್ತಿರ ಬೆರಳು ಹಾಕಿ ಏನನ್ನೋ ಹೊರತೆಗೆದು ಅಂಗೈಯಲ್ಲಿಟ್ಟು ದೀಪ ಹಿಡಿದ. ಬಾಡಿದ ಕಿತ್ತಳೆ ಬಣ್ಣದ ಎಸಳುಗಳು. ಸುಮಿತ್ರಾ ಕಾಫಿ ತಂದವಳು ನನ್ನ ಬೆನ್ನ ಹಿಂದೆ ನಿಂತಿದ್ದಳು.

ರಾಮಿರೊ ಮುಖ ಸಣ್ಣದಾಯಿತು. "ಇದು ನಂದೇ" ಎಂದ. "ತೀರಿಹೋದ ನಮ್ಮ ತಾಯಿಗೆ ವರ್ಷಕ್ಕೊಮ್ಮೆ ಮನೆಯಲ್ಲಿ ಈ ಹೂ ಏರಿಸುತ್ತೇವೆ. ಅವತ್ತು ನನ್ನ ಟ್ರಕ್ಕಿನ ತುಂಬ ಇದೇ ಇತ್ತು. ಅಂಗಿಗೆ ಅಂಟಿಕೊಂಡು ಒಳಗೆ ಬಿದ್ದಿರಬೇಕು. ನೀವು ಹೇಳಿದ್ದು ನಿಜ ಸರ್. ಆಫೀಸಿಗೆ ಹಾಗೇ ಬರೆದುಕೊಡುತ್ತೇನೆ." ಜೇಬಿನಿಂದ ಪೆನ್ನು ತೆಗೆದ.

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ಒಂದು ಕ್ಷಣ ಪ್ರಯತ್ನವನ್ನೂ ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದು, ತಾಯಿಯ ಹೂವನ್ನು ಬೀಳದ ಹಾಗೆ ಜೇಬಿಗೆ ಹಾಕಿಕೊಂಡ. ಅದನ್ನು ನೋಡಲಾಗಲಿಲ್ಲ.

"ಅದು ನಿನ್ನ ಹೂವಲ್ಲ, ನಂದು" ಎಂದೆ. ಹೊರಗೆ ಕರೆದೊಯ್ದು ಪೈಪು ತೋರಿಸಿದೆ. ಕಾಂಪೋಸ್ಟ್ ಡಬ್ಬಿಯಿಂದ ಸಾಕ್ಷಿಯನ್ನೂ ಎತ್ತಿ ತೋರಿಸಿದೆ. ರಾಮಿರೊ ಬಳ್ಳಿಯನ್ನೂ ನನ್ನನ್ನೂ ಸರದಿಯಂತೆ ನೋಡಿದ. ಸುಮಿತ್ರಾ ಹಣೆ ಒತ್ತಿಕೊಂಡಳು.

"ಮೂಗಿಗೆ ಅರಿವಿ ತುರುಕಿ, ಯಾಕ ಉಸಿರಾಡವಲ್ಲಿ ಅಂತ ಕೇಳಿದ್ಹಂಗ ಆತಲ್ರೀ! ಅದರ ಬದಲಿ ಇನ್ನೊಂದು ಪೈಪಿಗೆ ಕಟ್ಟಿದ್ರ? ಹೊಗಿ ತಿರುಗಿ ಮನಿಯೊಳಗ ಬಂದಿದ್ರ? ನಾ ನಲವತ್ತು ವರ್ಷ ಮಂದಿನ್ನ ಉಳಿಸಿದ್ದು ಇದಕ್ಕೇನು? ಈಗಿಂದೀಗ ಫೋನ್ ಹಚ್ಚರಿ. ಸ್ಪೀಕರ್ ಮ್ಯಾಲ ಇಡ್ರಿ."

ಇಟ್ಟೆ. ಅದೇ ಹೆಂಗಸು ಎತ್ತಿದಳು. ತಪ್ಪು ನನ್ನದು, ರಾಮಿರೊ ಮೇಲಿನ ದೂರು ಅಳಿಸಿಬಿಡಿ ಎಂದೆ. ಕಾರಣ ಬರೆಯಬೇಕು ಎಂದಳು.

"ಗಾಳಿಯ ಪೈಪಿಗೆ ನಾನು ಹೂವಿನ ಹಾರ ಹಾಕಿದ್ದೆ."

ಕೀಲಿಮಣೆಯ ಟಕಟಕ ನಿಂತಿತು. "ಬಾಯ್ಲರಿಗೆ ಹಾರ ಹಾಕಿದಿರಾ? ಯಾಕೆ ಸರ್?"

ನೀರು ತುಂಬುವ ಹಬ್ಬವನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟೆ. ಅದಕ್ಕೆ ನರಕಾಸುರ ಬೇಕಾಯಿತು, ಅವನಿಗೆ ಕೃಷ್ಣ ಬೇಕಾದ, ಕೃಷ್ಣನಿಗೆ ಎಣ್ಣೆ ಸ್ನಾನ ಬೇಕಾಯಿತು. ನನ್ನ ಮೆಟ್ರಿಕ್ ಇಂಗ್ಲಿಷು ಅಸುರನ ವಧೆಯವರೆಗೆ ಹೇಗೋ ಬಂದು ಅಲ್ಲೇ ಕುಸಿಯಿತು. "ಅವತ್ತು ಅದರ ಬರ್ತ್‌ಡೇ" ಎಂದುಬಿಟ್ಟೆ.

"ಓ" ಎಂದಳು. "ಎಷ್ಟನೆಯದು?"

"ಹನ್ನೊಂದು."

ಅವಳು ಅದನ್ನೂ ಬರೆದುಕೊಂಡಳು. ರಾಮಿರೊ ಬಾಯ್ಲರಿಗೆ ಹಣೆ ಆನಿಸಿ ನಗುತ್ತಿದ್ದ, ಹೆಗಲು ಕುಣಿಯುತ್ತಿತ್ತು. ದೂರು ತೆಗೆದಿದ್ದೇನೆ, ಅವನ ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದು ಅವಳು ಹೇಳಿದ ಮೇಲೆ ನನಗೂ ಉಸಿರು ಬಂತು. ಕೊನೆಗೆ ಅವಳು ಪದ್ಧತಿಯಂತೆ ಕೇಳಿದಳು: "ಮನೆಯಲ್ಲಿ ರಿಪೇರಿ ಆಗಬೇಕಾದ್ದು ಇನ್ನೇನಾದರೂ ಇದೆಯೇ, ಸರ್?"

ಸುಮಿತ್ರಾ ಕಾಫಿ ಲೋಟವನ್ನು ರಾಮಿರೊ ಕೈಗೆ ಕೊಡುತ್ತ ನನ್ನ ಕಡೆ ತಿರುಗಿದಳು. "ಒಂದು ಅದ ಅನ್ನರಿ. ಬಾಳ ಹಳೇ ಮಾಡೆಲ್ಲು. ಬರೇ ಸಪ್ಪಳ ಮಾಡ್ತದ, ಕೆಲಸ ಮಾಡಂಗಿಲ್ಲ. ಎಷ್ಟು ಸಲ ರೀಸೆಟ್ ಒತ್ತಿದ್ರೂ ಅಷ್ಟ."

ಆ ಮಾತನ್ನು ನಾನು ಇಂಗ್ಲಿಷಿಗೆ ಅನುವಾದ ಮಾಡಲಿಲ್ಲ. ಒಂದು ದಿನಕ್ಕೆ ಒಂದು ತಪ್ಪೊಪ್ಪಿಗೆ ಸಾಕು.