ಆತಿಥೇಯರು ನನ್ನ ಕುರ್ಚಿಯಲ್ಲಿದ್ದಾರೆ

ಹಿರಿಯ ವಿಜ್ಞಾನಿಗಳ ವಿದೇಶ ಅಧ್ಯಯನ ಫೆಲೋಶಿಪ್ ಸಮಿತಿಯ ಘನ ಅಧ್ಯಕ್ಷರಿಗೂ, ಅವರ ಎಡಬಲದಲ್ಲಿ ಕುಳಿತ ಸದಸ್ಯರಿಗೂ, ಅವರೆಲ್ಲರ ಪರವಾಗಿ ನಮ್ಮ ಅರ್ಜಿಗಳನ್ನು ನಿಜವಾಗಿ ಓದುವ ಗುಮಾಸ್ತರಿಗೂ ತಲೆಬಾಗಿದ ವಂದನೆಗಳು.

ಮಾನ್ಯರೇ,

ತಮ್ಮ ಕೃಪೆಯಿಂದ ನಾನಿಲ್ಲಿ ಕ್ಷೇಮ. ಹನ್ನೊಂದು ತಿಂಗಳ ಸಂಬಳಸಹಿತ ಅಧ್ಯಯನ ರಜೆ, ಹೋಗಿಬರುವ ವಿಮಾನದ ಟಿಕೆಟ್, ಕಿಟಕಿಯಿರುವ ಕೊಠಡಿ, ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ, ಇಷ್ಟೆಲ್ಲವನ್ನೂ ದಯಪಾಲಿಸಿದ ತಾವು ಒಂದನ್ನು ಮಾತ್ರ ಕೊಡಲು ಮರೆತಿದ್ದೀರೆಂದು ವಿನಯಪೂರ್ವಕವಾಗಿ ಮತ್ತೊಮ್ಮೆ ತಿಳಿಸಲು ಈ ಪತ್ರ. ಯಾರೊಡನೆ ಕೆಲಸ ಮಾಡಲೆಂದು ತಾವು ನನ್ನನ್ನು ಸಮುದ್ರ ದಾಟಿಸಿದಿರೋ ಆ ಪ್ರಾಧ್ಯಾಪಕರು ಇಲ್ಲಿಲ್ಲ. ಅವರೂ ತಮ್ಮ ಸಮಿತಿಯದೇ ಫೆಲೋಶಿಪ್ ಪಡೆದು, ನನ್ನೊಡನೆ ಕೆಲಸ ಮಾಡಲೆಂದು ನನ್ನ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾರೆ.

ನಮ್ಮಿಬ್ಬರ ಸಂಬಂಧವನ್ನು ತಮ್ಮ ಕಡತದಲ್ಲಿ ‘ಸಹಸಂಶೋಧನೆ’ ಎಂದು ನಮೂದಿಸಲಾಗಿದೆ. ಸರಿಯಾದ ಪದ ಜಗಳ. ಎರೆಹುಳು ಮಣ್ಣಿನೊಳಗೆ ದಾರಿ ಹಿಡಿಯುವುದು ವಾಸನೆಯಿಂದ ಎಂದು ನಾನು, ನೆಲದ ನಡುಕದಿಂದ ಎಂದು ಅವರು, ಇಪ್ಪತ್ತೆರಡು ವರ್ಷಗಳಿಂದ ಪತ್ರ ಬರೆದು ಕಿತ್ತಾಡುತ್ತಿದ್ದೇವೆ. ಒಮ್ಮೆಯೂ ಮುಖತಃ ಭೇಟಿಯಾಗಿಲ್ಲ. ನನ್ನ ಗಾಜಿನ ಪೆಟ್ಟಿಗೆಯ ಹುಳುಗಳು ಸದಾ ನನ್ನ ಪರ, ಅವರ ಪೆಟ್ಟಿಗೆಯವು ಸದಾ ಅವರ ಪರ. ಆದ್ದರಿಂದ ಇಬ್ಬರೂ ಪಕ್ಕಪಕ್ಕ ಕುಳಿತು, ಒಂದೇ ಹುಳುವನ್ನು ಒಂದೇ ಹೊತ್ತಿಗೆ ನೋಡಿದ ಹೊರತು ಇದು ಇತ್ಯರ್ಥವಾಗದು ಎಂಬ ಒಂದೇ ವಿಷಯದಲ್ಲಿ ನಮಗೆ ಒಮ್ಮತವಿದೆ. ಈ ವರ್ಷದ ಕೊನೆಗೆ ಇಬ್ಬರಿಗೂ ನಿವೃತ್ತಿ. ಆಮೇಲೆ ಎರಡೂ ಪೆಟ್ಟಿಗೆಗಳ ಮಣ್ಣನ್ನು ಹೂಕುಂಡಗಳಿಗೆ ಸುರಿಯುವುದೆಂದು ಎರಡೂ ಕಡೆಯ ವಿಭಾಗಗಳು ಈಗಾಗಲೇ ತೀರ್ಮಾನಿಸಿವೆ.

ಈ ಎಡವಟ್ಟಿನಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಆರು ವರ್ಷಗಳ ಹಿಂದೆ, ಯಾರಿಗೆ ಸಿಕ್ಕರೂ ಆಯಿತೆಂದು ನಾವಿಬ್ಬರೂ ಒಬ್ಬರಿಗೊಬ್ಬರು ತಾರೀಖಿಲ್ಲದ ಆಹ್ವಾನಪತ್ರ ಬರೆದುಕೊಟ್ಟಿದ್ದೆವು. ತಾವು ವರ್ಷವರ್ಷವೂ ತಪ್ಪದೆ ತಿರಸ್ಕರಿಸುತ್ತ ಬಂದದ್ದರಿಂದ, ಅವರನ್ನು ಕರೆದದ್ದೇ ನನಗೆ ಮರೆತುಹೋಯಿತು. ನನ್ನನ್ನು ಕರೆದದ್ದು ಅವರಿಗೆ. ಆದರೆ ಅರ್ಜಿ ಹಾಕುವುದನ್ನು ಮಾತ್ರ ಇಬ್ಬರೂ ಮರೆಯಲಿಲ್ಲ. ಈ ಬಾರಿ ಕೊನೆಗೂ ಆಯ್ಕೆಯಾದಾಗ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡವೆಂದು ಬಾಯಿ ಬಿಗಿಹಿಡಿದೆವು. ಸಾಲದ್ದಕ್ಕೆ ತಮ್ಮ ಏಳನೆಯ ನಿಯಮ ಬೇರೆ: ಸ್ಥಳ ತಲುಪಿದ ವರದಿ ಸಲ್ಲಿಸುವವರೆಗೆ, ಮನೆಯವರು ಮತ್ತು ವಿಭಾಗದ ಮುಖ್ಯಸ್ಥರ ಹೊರತು ಯಾರಿಗೂ ತಿಳಿಸಕೂಡದು. ನಮ್ಮ ಮುಖ್ಯಸ್ಥರಿಗೆ ಎರಡೂ ಕಡೆಯ ಗುಟ್ಟು ಗೊತ್ತಿತ್ತು. ನಿಯಮ ಮೀರದ ಆ ಪುಣ್ಯಾತ್ಮರು ಹೇಳಿದ್ದಿಷ್ಟೇ: “ಯಾರೋ ಗೆಸ್ಟ್ ಬರ್ತಾರೆ, ನಿಮ್ಮ ರೂಮ್ ಹೇಗೂ ಖಾಲಿ ಇರತ್ತಲ್ಲ, ಒಂದು ಕಪಾಟು ಬಿಡಿಸಿಕೊಡಿ.” ಯಾವನೋ ಬಿಟ್ಟಿ ಬರುವವನೆಂದು ಗೊಣಗುತ್ತಲೇ ನಾನು ಕಪಾಟು ಖಾಲಿ ಮಾಡಿದೆ.

ಇಲ್ಲಿಗೆ ಬಂದಿಳಿದು, ಬಾಗಿಲು ತಟ್ಟಿ ಹೆಸರು ಹೇಳಿದರೆ, ಪ್ರಯೋಗಾಲಯ ನೋಡಿಕೊಳ್ಳುವ ಹೆಂಗಸು ಹೊರಬಂದು, “ಅಯ್ಯೋ, ಸಾರ್ ನಿಮ್ಮನ್ನ ನೋಡೋಕೇ ಅಂತ ನಿನ್ನೆ ಹೊರಟ್ರಲ್ಲ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ನನಗಾಗಿ, ಅಂದರೆ ಯಾರೋ ಗೆಸ್ಟಿಗಾಗಿ, ಒಂದು ಕಪಾಟು ಖಾಲಿಯಿತ್ತು.

ಅತ್ತ ನನ್ನ ಮನೆಯ ಸ್ಥಿತಿಯನ್ನೂ ತಮ್ಮ ಗಮನಕ್ಕೆ ತರುವುದು ಕರ್ತವ್ಯ. ಇಪ್ಪತ್ತೆರಡು ವರ್ಷ ನನ್ನ ಬಾಯಿಂದ ಅವರ ಮೇಲಿನ ಬೈಗುಳಗಳನ್ನೇ ಕೇಳಿದ್ದ ನನ್ನ ಹೆಂಡತಿ, ಈಗ ಭಾನುವಾರ ಭಾನುವಾರ ಅವರನ್ನು ಊಟಕ್ಕೆ ಕರೆಯುತ್ತಾಳೆ. “ತುಂಬಾ ಒಳ್ಳೆಯವರು ಕಣ್ರೀ, ಉಂಡ ತಟ್ಟೆ ತಾವೇ ತೊಳೀತಾರೆ,” ಎಂದು ಫೋನಿನಲ್ಲಿ ಹೇಳಿದಳು. ನಾನು ವಿಜ್ಞಾನದ ವಿಷಯಕ್ಕೆ ಬಂದೆ.

ವಿಜ್ಞಾನದ ವಿಷಯವೋ, ಇನ್ನೂ ಸೊಗಸು. ಇಲ್ಲಿನ ಪೆಟ್ಟಿಗೆಯ ಮುಂದೆ ಐದು ವಾರ ಕುಳಿತೆ. ಗೋಡೆಯಾಚೆ ಲಿಫ್ಟ್ ಇಳಿದಾಗಲೆಲ್ಲ ಹುಳುಗಳು ಬಲಕ್ಕೆ ಸರಿಯುತ್ತವೆ. ಎಡಗಡೆ ಕೊಳೆತ ಎಲೆ ಇಟ್ಟರೆ ಕ್ಯಾರೇ ಎನ್ನುವುದಿಲ್ಲ. ಹೊಟ್ಟೆ ಉರಿದರೂ ಸತ್ಯಕ್ಕೆ ತಲೆಬಾಗಿ ‘ನೀವೇ ಸರಿ’ ಎಂದು ಬರೆದೆ. ಅದೇ ದಿನ ಅವರಿಂದ ಪತ್ರ: ‘ನಿಮ್ಮ ಹುಳುಗಳನ್ನು ಕಣ್ಣಾರೆ ನೋಡಿದೆ. ನೀವೇ ಸರಿ.’ ಅಲ್ಲಿಂದೀಚೆಗೆ ನಾನು ನಡುಕದ ಪರ, ಅವರು ವಾಸನೆಯ ಪರ, ಮೊದಲಿಗಿಂತ ಎರಡು ಪಟ್ಟು ಜೋರಾಗಿ ವಾದಿಸುತ್ತಿದ್ದೇವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ತಮ್ಮ ಫೆಲೋಶಿಪ್ಪಿನ ಮಹಿಮೆಯಿಂದ ಈಗ ಎತ್ತು ನೀರಿಗೂ ಕೋಣ ಏರಿಗೂ ಎಳೆಯುತ್ತಿವೆ.

ಇದನ್ನೆಲ್ಲ ಮೊದಲೇ ಅರಿಕೆ ಮಾಡಿಕೊಂಡಾಗ, ‘ಆತಿಥೇಯರು ಸ್ಥಳದಲ್ಲಿರಬೇಕೆಂಬ ನಿಯಮವಿಲ್ಲ, ಅತಿಥಿಯು ಊರು ಬಿಡಕೂಡದೆಂಬ ನಿಯಮವಿದೆ’ ಎಂದು ತಾವು ಒಂದೂವರೆ ಸಾಲಿನಲ್ಲಿ ಉತ್ತರಿಸಿದಿರಿ. ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಬಾಗಿಲು ಮುಚ್ಚಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಜೊತೆಗೆ ತಿಂಗಳ ನಮೂನೆ ತಪ್ಪದೆ ಬರುತ್ತದೆ. ಅತಿಥಿಯಾಗಿ ಅವರ ಆತಿಥ್ಯ ‘ತೃಪ್ತಿಕರ’ ಎಂದೂ, ಆತಿಥೇಯನಾಗಿ ಅವರ ಹಾಜರಿ ‘ತೃಪ್ತಿಕರ’ ಎಂದೂ ನಾನು ಸಹಿ ಹಾಕುತ್ತೇನೆ, ಅವರೂ ಹಾಗೆಯೇ. ತಮ್ಮ ದಾಖಲೆಗಳ ಪ್ರಕಾರ ನಾವು ಪ್ರತಿ ಸೋಮವಾರ ಭೇಟಿಯಾಗುತ್ತಿದ್ದೇವೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಎರಡೂ ವಿಶ್ವವಿದ್ಯಾಲಯಗಳನ್ನು ಒಂದೇ ಊರೆಂದು ಘೋಷಿಸಿ, ನಡುವಿನ ಸಮುದ್ರವನ್ನು ಪಡಸಾಲೆಯೆಂದು ಪರಿಗಣಿಸಬೇಕು. ಆಗದಿದ್ದಲ್ಲಿ, ಸಮುದ್ರವೂ ಏಳನೆಯ ನಿಯಮವನ್ನು ಮೀರದೆ ನಮ್ಮ ಗುಟ್ಟು ಕಾಪಾಡಿದ್ದರಿಂದ, ಅದಕ್ಕೊಂದು ಪ್ರಶಂಸಾಪತ್ರ ಕೊಡಬಹುದು. ತಮಾಷೆ ಪಕ್ಕಕ್ಕಿಡುತ್ತೇನೆ: ನನಗೆ ಅವರನ್ನು ನೋಡಬೇಕು, ಮಾನ್ಯರೇ. ಇಲ್ಲಿ ಅವರ ಕುರ್ಚಿಯ ಎಡಗೈ ಸವೆದಿದೆ, ನನ್ನದು ಬಲಗೈ. ಪಕ್ಕಪಕ್ಕ ಕೂತರೆ ಮೊಣಕೈ ತಾಗುತ್ತಿತ್ತು ಎಂದು ದಿನಕ್ಕೊಮ್ಮೆಯಾದರೂ ನೆನೆದು ಬೇಸರವಾಗುತ್ತದೆ.

ಎಲ್ಲಿ ಕುಳಿತಿದ್ದರೂ
ತಮ್ಮ ವಿಶ್ವಾಸಿ,
ಹುಳುಗಳ ಹಿರಿಯ ಪ್ರಾಧ್ಯಾಪಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಆದೇಶ ತಲುಪಿತು. ಲೋಪ ಸರಿಪಡಿಸಲು ಇಬ್ಬರೂ ತಮ್ಮ ತಮ್ಮ ಸಂಸ್ಥೆಗಳಿಗೆ ಕೂಡಲೇ ಮರಳತಕ್ಕದ್ದು ಎಂದು ಅಪ್ಪಣೆಯಾಗಿದೆ; ಎರಡು ಟಿಕೆಟ್‌ಗಳೂ ಒಂದೇ ದಿನದವು. ಧನ್ಯೋಸ್ಮಿ. ಆದರೆ ಇಬ್ಬರೂ ದಾರಿಯಲ್ಲಿ ಒಂದೇ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿದೆ. ಎರಡು ಗಂಟೆ ನಲವತ್ತು ನಿಮಿಷ ನಾವು ಒಂದೇ ಸೂರಿನಡಿ ಇರುತ್ತೇವೆಂಬುದು ತಮ್ಮ ಕಣ್ಣಿಗೆ ಬಿದ್ದಂತಿಲ್ಲ. ಅವರು ನನ್ನ ಎರಡು ಹುಳುಗಳನ್ನು ಸೋಪಿನ ಡಬ್ಬಿಯಲ್ಲಿ ತರುತ್ತಿದ್ದಾರೆ, ನಾನು ಅವರ ಎರಡನ್ನು. ಮುಂದಿನ ವಿಮಾನಕ್ಕೆ ನಮ್ಮ ಹೆಸರು ಹಿಡಿದು ಎಷ್ಟು ಸಲ ಕೂಗಿದರೂ ನಮಗೆ ಕೇಳಿಸದು. ಇಬ್ಬರಿಗೂ ಕಿವಿ ಮಂದವೆಂಬ ವೈದ್ಯರ ಪ್ರಮಾಣಪತ್ರ, ತಾವೇ ಕೇಳಿದ್ದರಿಂದ, ಆರು ವರ್ಷಗಳಿಂದ ತಮ್ಮ ಕಡತದಲ್ಲೇ ಇದೆ.