ನವಿಲು ಬಣ್ಣದವರು ಗೆದ್ದರೆ ಮದುವೆ

ಕೇಬಲ್ ಟಿ.ವಿ. ನಡೆಸುವವನಿಗೆ ಪೂರ್ತಿ ನೆಮ್ಮದಿ ಸಿಗುವುದು ಊರಿಗೆಲ್ಲ ಕರೆಂಟು ಹೋದಾಗ ಮಾತ್ರ. ಆಗ ಯಾರೂ ನನ್ನನ್ನು ಬೈಯುವಂತಿಲ್ಲ. ಮಿಕ್ಕ ಹೊತ್ತೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ಹಿಂದೂಪುರದ ನಮ್ಮ ಮಹಡಿಯ ಮೇಲೆ ಡಿಶ್ ನಿಲ್ಲಿಸಿ, ಏಣಿ ಹೆಗಲಿಗೇರಿಸಿ ಬೀದಿ ಬೀದಿ ಸುತ್ತಿದವನು ನಾನು. ಆಗ ಆದ ಒಂದು ಆಟದ ಪ್ರಸಂಗಗಳು ಇವು. ಆ ಆಟದಿಂದ ನನ್ನ ಮದುವೆ ನಿಂತೇ ಹೋಗುವುದರಲ್ಲಿತ್ತು. ನಿಲ್ಲಲಿಲ್ಲ. ಅದಕ್ಕೇ ಈಗ ನಗುತ್ತಾ ಬರೆಯುತ್ತಿದ್ದೇನೆ.

ಚೆಂಡಿನ ರೇಟು

ನಮ್ಮ ಡಿಶ್‌ಗೆ ಸಿಕ್ಕ ಒಂದು ಚಾನೆಲ್‌ನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಅಮೆರಿಕದವರ ಫುಟ್‌ಬಾಲ್ ಬರುತ್ತಿತ್ತು. ಫುಟ್‌ಬಾಲ್ ಎಂದು ಹೆಸರು, ಆದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ. ಭುಜಕ್ಕೆ ದಿಂಬು, ತಲೆಗೆ ಹೆಲ್ಮೆಟ್. ಮಗ್ಗದ ಮನೆಗಳಲ್ಲಿ ಗುರುವಾರದ ಊಟದ ಬಿಡುವು ಯಾವಾಗ ಒಂದು ಗಂಟೆ ಲಂಬಿಸಿತೋ ಯಾರಿಗೂ ಗೊತ್ತಾಗಲಿಲ್ಲ.

ತಂಡಗಳ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ನೇಯುವವರ ಊರಾದ್ದರಿಂದ ಬಣ್ಣಕ್ಕೆ ಮಾತ್ರ ಬರವಿರಲಿಲ್ಲ. ಒಂದು ತಂಡ ನವಿಲು ಬಣ್ಣದವರು, ಇನ್ನೊಂದು ಅರಿಶಿನದವರು. ಹೀಗೇ ಗಂಧದವರು, ಮಾವಿನ ಚಿಗುರಿನವರು. ನವಿಲು ಬಣ್ಣಕ್ಕೆ ನಮ್ಮ ಬೀದಿಯ ನಿವೃತ್ತ ಡ್ರಿಲ್ ಮೇಷ್ಟ್ರು ಯಜಮಾನರು. ಅರಿಶಿನಕ್ಕೆ ಸೀರೆ ಅಂಗಡಿಯವರು.

ಮೇಷ್ಟ್ರು ಆಟದ ನಿಯಮಗಳನ್ನೆಲ್ಲ ವಿವರಿಸುತ್ತಿದ್ದರು. ಪ್ರತಿ ಸಲ ಓಡುವ ಮುಂಚೆ ಆಟಗಾರರು ಗುಂಪಾಗಿ ಬಗ್ಗಿ ಪಿಸುಗುಡುತ್ತಾರಲ್ಲ, ಅದೇನೆಂದು ಯಾರೋ ಕೇಳಿದರು.

"ರೇಷ್ಮೆ ಗೂಡಿನ ಮಾರ್ಕೆಟ್‌ನಾಗೆ ಟವೆಲ್ ಕೆಳಗೆ ಬೆರಳು ಹಿಡ್ಕೊಂಡು ರೇಟು ಮಾತಾಡಲ್ವಾ? ಅದೇ ಕಣ್ರಪ್ಪ ಇದು."

"ಯಾವುದರ ರೇಟು ಮೇಷ್ಟ್ರೇ?"

"ಚೆಂಡಿಂದು. ರೇಟು ಕುದುರಿದ್ರೆ ಓಡ್ತಾರೆ, ಕುದುರದಿದ್ರೆ ಒದ್ದು ವಾಪಸ್ ಕೊಡ್ತಾರೆ."

ಎರಡು ವರ್ಷ ಇಡೀ ಬೀದಿ ಇದನ್ನೇ ನಂಬಿತು. ಒಂದು ದಿನ ನಾನು ಅವರೊಬ್ಬರೇ ಇದ್ದಾಗ, "ಮೇಷ್ಟ್ರೇ, ನಿಜವಾಗಿ ನಿಮಗೆ ಈ ಆಟ ಗೊತ್ತಾ?" ಎಂದು ಕೇಳಿದೆ. ಅವರು ಆ ಕಡೆ ಈ ಕಡೆ ನೋಡಿ, "ಗೊತ್ತಿಲ್ಲ ಕಣಪ್ಪ. ಆದ್ರೆ ಕೇಳ್ತಾರಲ್ಲ, ಯಾರಾದ್ರೂ ಒಬ್ರು ಹೇಳ್ಬೇಕಲ್ಲ!" ಎಂದರು.

ಬಿಳಿ ಬಟ್ಟೆ

ಡಿಸೆಂಬರ್ ಬಂದರೆ ವಾದ ಜೋರು. ಯಾರು ಮುಂದಕ್ಕೆ ಹೋಗುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂಬುದು ಆಗಲೇ ತೀರ್ಮಾನವಾಗುವುದು. ಅಂಥ ಒಂದು ಗುರುವಾರ ಅರಿಶಿನದವರು ಮೈದಾನಕ್ಕೆ ಬಂದದ್ದು ಬಿಳಿ ಅಂಗಿಯಲ್ಲಿ. ಬೇರೆ ಊರಿಗೆ ಆಡಲು ಹೋದಾಗ ಅವರು ಬಿಳಿ ಹಾಕುತ್ತಾರಂತೆ. ನಮಗೆ ಅದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಸೀರೆ ಅಂಗಡಿಯವರ ಮುಖ ಇಳಿದುಹೋಯಿತು. "ಬಣ್ಣದ ಬಟ್ಟೆ ಬಿಟ್ಟು ಬಿಳಿ ಉಟ್ಕೊಂಡವ್ರೆ ಅಂದ್ರೆ ಅವರ ಪೈಕಿ ಯಾರೋ ಹೋಗಿರ್ಬೇಕು ಕಣಪ್ಪ" ಎಂದರು. ಮೇಷ್ಟ್ರು ವಿರೋಧ ಪಕ್ಷದವರಾದರೂ ಮರ್ಯಾದಸ್ಥರು. ಸೂತಕದ ಮನೆಯವರ ವಿರುದ್ಧ ಕೂಗಬಾರದೆಂದು ತಮ್ಮ ಕಡೆಯವರನ್ನೆಲ್ಲ ಸುಮ್ಮನಿರಿಸಿದರು. ಇಡೀ ಆಟ ಮೌನವಾಗಿ ನಡೆಯಿತು.

ಸೂತಕದವರು ಭರ್ಜರಿಯಾಗಿ ಗೆದ್ದುಬಿಟ್ಟರು. ಕೊನೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಸೀರೆ ಅಂಗಡಿಯವರು ಎದ್ದು ಪಂಚೆ ಕೊಡವಿ, "ಸತ್ತೋರು ಯಾರೋ ದೂರದ ನೆಂಟ್ರೇ ಇರ್ಬೇಕು ಬಿಡಿ" ಎಂದರು.

ಹೆಣ್ಣು ನೋಡಲು ಹೋದದ್ದು

ಆ ತಿಂಗಳಲ್ಲೇ ನಾನು ಕಲ್ಯಾಣದುರ್ಗಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿಯ ಅಪ್ಪನದು ಬಟ್ಟೆ ಅಂಗಡಿ. ಮನೆಗೆ ದೊಡ್ಡವರೆಂದರೆ ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ. ಎಪ್ಪತ್ತು ದಾಟಿದರೂ ಮಗ್ಗದ ಗುಣಿಯಲ್ಲಿ ಕೂತರೆ ಕೈ ನಿಲ್ಲದ ಹೆಂಗಸು. ಅವರು ಹೂಂ ಅನ್ನದೆ ಆ ಮನೆಯಲ್ಲಿ ಹಾಲೂ ಕಾಯುತ್ತಿರಲಿಲ್ಲ.

ಹುಡುಗಿ ಬಂದು ಮಂಡಕ್ಕಿ ಒಗ್ಗರಣೆ ಕೊಟ್ಟು, ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು. ನನಗೆ ಅಲ್ಲೇ ಒಪ್ಪಿಗೆಯಾಯಿತು. ಅಷ್ಟರಲ್ಲಿ ಅಜ್ಜಿ, "ಕೇಬಲ್ಲು ಅಂದ್ರೆ ಅದೇಮಪ್ಪಾ ಕೆಲಸ?" ಎಂದರು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ವಾಸಿ ಎಂದು ನನ್ನ ಚೀಲದಲ್ಲಿದ್ದ ಕ್ಯಾಸೆಟ್ ಅವರ ವಿ.ಸಿ.ಆರ್.ಗೆ ಹಾಕಿದೆ. ಆ ವಾರ ರೆಕಾರ್ಡ್ ಮಾಡಿದ ಆಟ ಅದು. ನವಿಲು ಬಣ್ಣದವರದು.

ಐದು ನಿಮಿಷ ನೋಡಿ ನಿಲ್ಲಿಸುವ ಅಂದಾಜು ನನ್ನದು. ಅಜ್ಜಿ ನಿಲ್ಲಿಸಗೊಡಲಿಲ್ಲ. ಹತ್ತು ಗಜ ದಾಟಲು ನಾಲ್ಕು ಸಲ ಅವಕಾಶ ಕೊಡುತ್ತಾರೆ ಎಂದು ನಾನು ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂತು. "ನಾಕು ಸಲವಾ! ನಮ್ಗೆ ದೇವ್ರು ಒಂದು ಸಲಕ್ಕಿಂತ ಜಾಸ್ತಿ ಯಾವತ್ತು ಕೊಟ್ಟವ್ನೆ?" ಎಂದರು. ಸಂಜೆಯ ಬಸ್ಸಿಗೆ ಹೊತ್ತಾಯಿತು. ವರದಕ್ಷಿಣೆ, ಜಾತಕ, ನಕ್ಷತ್ರ ಯಾವ ಮಾತೂ ಆಗಲಿಲ್ಲ.

ಬಾಗಿಲಲ್ಲಿ ನಮ್ಮಪ್ಪ ಕೈ ಮುಗಿದು, "ಅಮ್ಮಾ, ಏನಾದ್ರೂ ಹೇಳಿ" ಎಂದರು. ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿಯೇ ಹೇಳಿದರು: "ಮುಂದಿನ ವಾರದ್ದು ಕಳಿಸಿಬಿಡಿ."

ಬಾಯಿಬಡುಕ ಕಂಡಕ್ಟರ್

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸಿನಲ್ಲಿ ಕ್ಯಾಸೆಟ್ ಹೋಗುತ್ತಿತ್ತು, ಹಿಂದಿನದು ವಾಪಸ್ ಬರುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಹಿಂದೂಪುರದವನು, ಗುರುವಾರ ಅವನಿಗೆ ರಜೆ, ಮೇಷ್ಟ್ರ ಪಕ್ಕದಲ್ಲೇ ಕೂತು ಆಟ ನೋಡುವವನು. ಒಂದು ಶುಕ್ರವಾರ ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ, ಕ್ಯಾಸೆಟ್‌ಗೆ ಕಾದು ನಿಂತಿದ್ದ ಅಜ್ಜಿಗೆ, "ಅವ್ವಾ, ಮನ ನವಿಲು ಬಣ್ಣಂ ವಾಳ್ಳು ಗೆಲಿಚಿನಾರು!" ಎಂದು ಗೆಲುವಿನ ಸುದ್ದಿಯನ್ನು ಮೊದಲೇ ಕೂಗಿಬಿಟ್ಟ.

ಅಜ್ಜಿ ಕ್ಯಾಸೆಟ್ ಮುಟ್ಟಲಿಲ್ಲ. "ಉಂಡೋನು ಬಂದು ರುಚಿ ಹೇಳ್ಬುಟ್ಟ ಮೇಲೆ ನಾನೇನು ಉಣ್ಲಿ?" ಎಂದು ಅವನನ್ನು ಅಲ್ಲೇ ತರಾಟೆಗೆ ತೆಗೆದುಕೊಂಡರಂತೆ. ಮುಂದಿನ ವಾರದಿಂದ ಕಂಡಕ್ಟರ್ ಬಾಯಿಗೆ ಎಲೆ ಅಡಿಕೆ ತುರುಕಿಕೊಂಡೇ ಕ್ಯಾಸೆಟ್ ಕೊಡುತ್ತಿದ್ದ. ಆದರೆ ಅಜ್ಜಿ ಚುರುಕು. ಎಲೆ ಅಗಿಯುವ ರಭಸ ನೋಡಿ, "ಗೆದ್ದವ್ರೆ!" ಎಂದುಬಿಡುತ್ತಿದ್ದರು.

ಹೂವು ಬೀಳಲಿಲ್ಲ

ಜನವರಿ ಬಂತು. ಅಜ್ಜಿ ಮನೆದೇವರ ಹೂ ಕೇಳುತ್ತಿದ್ದಾರೆ ಎಂದು ಮಾವ, ಅಂದರೆ ಆಗಬೇಕಾದ ಮಾವ, ಹೇಳಿಕಳಿಸಿದರು. ವಿಗ್ರಹದ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ದೇವರ ಮನೆಗೆ ಅಜ್ಜಿ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಹೂವು ಆ ಕಡೆಗೂ ಬೀಳಲಿಲ್ಲ, ಈ ಕಡೆಗೂ ಬೀಳಲಿಲ್ಲ ಎಂದು ಪ್ರತಿ ವಾರ ಅವರೇ ಹೊರಗೆ ಬಂದು ಹೇಳುತ್ತಿದ್ದರು.

ಆಮೇಲಿನ ವಾರ ವಾಪಸ್ ಬಂದ ಕ್ಯಾಸೆಟ್ ಡಬ್ಬಿಯೊಳಗೆ ಮಡಚಿದ ಚೀಟಿ ಇತ್ತು. ಹುಡುಗಿಯ ಕೈಬರಹ. "ಹೂವು ಬೀಳ್ತಾ ಇಲ್ಲ. ಸೆಮಿಫೈನಲ್‌ನಲ್ಲಿ ನವಿಲು ಬಣ್ಣದವರು ಗೆದ್ದರೆ ಅದೇ ಬಲಗಡೆ ಪ್ರಸಾದ, ಸೋತರೆ ಈ ಸಂಬಂಧ ಬೇಡ ಅಂತ ಅಜ್ಜಿ ದೇವರ ಮುಂದೆ ಹೇಳಿಬಿಟ್ಟಿದ್ದಾರೆ. ನೀವು ಏನಾದರೂ ಮಾಡಿ."

ನಾನೇನು ಮಾಡಲಿ? ಆಡುವವರು ಅಮೆರಿಕದಲ್ಲಿದ್ದಾರೆ. ಆದರೂ ಆ ಚೀಟಿ ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವಳಿಗೂ ಮನಸ್ಸಿದೆ ಎಂದು ಅಂದೇ ಗೊತ್ತಾದದ್ದು.

ಗುರುವಾರ ಬಂತು. ನವಿಲು ಬಣ್ಣಕ್ಕೆ ಎದುರಾಳಿ ಅರಿಶಿನದವರೇ. ಮೇಷ್ಟ್ರು ಎದ್ದು ನಿಂತೇ ನೋಡಿದರು. ನಾನು ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ. ಮಂಜು ಸುರಿಯುತ್ತಿತ್ತು, ಆಟಗಾರರ ಬಾಯಲ್ಲಿ ಹೊಗೆ ಬರುತ್ತಿತ್ತು, ನನ್ನ ಬಾಯಿ ಒಣಗುತ್ತಿತ್ತು. ನವಿಲು ಬಣ್ಣದವರು ಸೋತರು. ನಾಲ್ಕನೇ ಸಲದಲ್ಲೂ ಹತ್ತು ಗಜ ದಾಟಲಿಲ್ಲ.

ಚೀಟಿಯ ವಿಷಯ ಆಗ ಬಾಯಿ ಬಿಟ್ಟೆ. ಮೇಷ್ಟ್ರು ಮನೆಗೆ ಹೋಗಿ ಒಂದು ಕ್ಯಾಸೆಟ್ ತಂದರು. ಇದೇ ಎರಡು ತಂಡ ಆ ಹಂಗಾಮಿನ ಮೊದಲಲ್ಲಿ ಆಡಿ, ನವಿಲು ಬಣ್ಣದವರು ಗೆದ್ದಿದ್ದ ಆಟ. ನಾನು ಹೆಣ್ಣು ನೋಡಲು ಹೋಗುವುದಕ್ಕಿಂತ ಎಷ್ಟೋ ಮುಂಚಿನದು, ಅಜ್ಜಿ ಅದನ್ನು ನೋಡಿರಲಿಲ್ಲ. ಮೇಷ್ಟ್ರು ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದರು.

"ಇದನ್ನ ಕಳಿಸು" ಎಂದರು.

"ಮೋಸ ಆಗಲ್ವಾ ಮೇಷ್ಟ್ರೇ?"

"ಗೆದ್ದಿರೋದು ನಿಜ ತಾನೇ? ಯಾವತ್ತು ಗೆದ್ದಿದ್ದು ಅಂತ ಅವ್ವ ದೇವರಿಗೆ ಹೇಳವ್ರಾ?"

ಕಷ್ಟ ಆದದ್ದು ಸೀರೆ ಅಂಗಡಿಯವರಿಗೆ. ಅವರ ತಂಡ ಗೆದ್ದಿತ್ತು, ಆದರೆ ಬಾಯಿ ಬಿಡುವಂತಿಲ್ಲ. "ಎಂಥಾ ಗೆಲುವು ಕಣಪ್ಪ! ಇದನ್ನ ಹೊಟ್ಟೇಲಿ ಇಟ್ಕೊಂಡು ನಾನು ಹೆಂಗೆ ಬದುಕ್ಲಿ?" ಎಂದರು. ಕಂಡಕ್ಟರ್ ಎರಡು ಪಟ್ಟು ಎಲೆ ಹಾಕಿಕೊಂಡು, ಗೆದ್ದವರ ರಭಸದಲ್ಲೇ ಅಗಿದ.

ಶನಿವಾರ ಮಧ್ಯಾಹ್ನ ಎದುರು ಮನೆಯ ಫೋನಿಗೆ ಮಾವನ ಕರೆ ಬಂತು. "ಅಮ್ಮ ಒಪ್ಪವ್ರೆ. ಲಗ್ನಪತ್ರಿಕೆಗೆ ದಿನ ನೋಡಿ." ನನ್ನ ಎದೆಯ ಮೇಲಿಂದ ಒಂದು ಮಗ್ಗವನ್ನೇ ಎತ್ತಿ ಇಳಿಸಿದ ಹಾಗಾಯಿತು. ಫೋನ್ ಇಡುವುದನ್ನೂ ಮರೆತು ಬೀದಿಗೆ ಓಡಿದೆ. ಒಂದೇ ಆಶ್ಚರ್ಯ. ಅರಿಶಿನದವರು ಆಡುವ ಫೈನಲ್‌ನ ಕ್ಯಾಸೆಟ್ ಕೇಳಿದರೆ ಏನು ಮಾಡುವುದೆಂದು ನಾನು ಹೆದರಿ ಸಾಯುತ್ತಿದ್ದರೆ, ಅಜ್ಜಿ ಅದನ್ನು ಕೇಳಲೇ ಇಲ್ಲ.

ಹೋಳಿಗೆಯ ಉಪಕಾರ

ಫಾಲ್ಗುಣದಲ್ಲಿ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಸೀರೆ ಅಂಗಡಿಯವರನ್ನು ತಂದು ಅಜ್ಜಿಯ ಎದುರಿಗೇ ಕೂರಿಸಿಬಿಟ್ಟಿದ್ದರು. ಧಾರೆ ಸೀರೆ ಅವರ ಅಂಗಡಿಯದೇ. ನವಿಲು ಬಣ್ಣದ ಮೈ, ಅರಿಶಿನದ ಅಂಚು. ಅಜ್ಜಿ ಅದನ್ನು ಹೊಗಳಿ, "ಆದ್ರೂ ಅಂಚಿಗೆ ಆ ಸೋತೋರ ಬಣ್ಣ ಯಾಕೆ ಹಾಕಿದ್ರಿ?" ಎಂದರು.

ಸೀರೆ ಅಂಗಡಿಯವರ ಕತ್ತಿನ ನರ ಉಬ್ಬಿತು. ಬಾಯಿ ತೆರೆದರು. ಮೇಷ್ಟ್ರು ಪಕ್ಕದಿಂದ ಒಂದು ಇಡೀ ಹೋಳಿಗೆ ಆ ಬಾಯೊಳಗೆ ತುರುಕಿದರು. ಅಂದು ಸೀರೆ ಅಂಗಡಿಯವರು ಒಂಬತ್ತು ಹೋಳಿಗೆ ತಿಂದರು, ಒಂದನ್ನೂ ತಮ್ಮ ಕೈಯಿಂದ ತಿನ್ನಲಿಲ್ಲ.

ಅಜ್ಜಿಯ ಲೆಕ್ಕಾಚಾರ

ಯುಗಾದಿಗೆ ಹೆಂಡತಿಯೊಂದಿಗೆ ಕಲ್ಯಾಣದುರ್ಗಕ್ಕೆ ಹೋದೆ. ಬೇವುಬೆಲ್ಲ ತಿಂದು ಪಡಸಾಲೆಯಲ್ಲಿ ಕೂತಿದ್ದಾಗ ಅಜ್ಜಿ ಪಕ್ಕಕ್ಕೆ ಬಂದು, "ಏನಪ್ಪಾ ಅಳಿಯಪ್ಪಾ, ಅಲ್ಲೀವರ್ಗೂ ಬಂದ ಕ್ಯಾಸೆಟ್‌ಗಳಲ್ಲೆಲ್ಲ ನೆಲದ ತುಂಬ ಮಂಜು, ಬಾಯಲ್ಲಿ ಹೊಗೆ. ಸೆಮಿಫೈನಲ್‌ನಾಗೆ ನೋಡೋಕೆ ಬಂದ ಜನ ಅರೆ ತೋಳಿನ ಅಂಗಿ ಹಾಕ್ಕೊಂಡು ಬೆವರು ಒರೆಸ್ಕೊಂತಿದ್ರು. ಒಂದೇ ವಾರಕ್ಕೆ ಅಮೆರಿಕದಾಗೆ ಬೇಸಿಗೆ ಬಂದ್ಬುಡ್ತಾ?" ಎಂದರು.

ಹೆಂಡತಿ ಎದ್ದು ಒಳಗೆ ಹೋದಳು. ನಾನು ಅಜ್ಜಿಯ ಕಾಲು ಹಿಡಿದುಕೊಂಡೆ. "ತಪ್ಪಾಯ್ತು ಅಜ್ಜಿ. ಗೊತ್ತಾಗಿದ್ರೂ ನೀವು ಯಾಕೆ ಒಪ್ಪಿದ್ರಿ? ದೇವರ ಪ್ರಸಾದ ಆಗಿರಲಿಲ್ವಲ್ಲ?"

ಅಜ್ಜಿ ಒಳಗೊಮ್ಮೆ ಇಣುಕಿ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು. ನಮ್ಮ ಮೇಷ್ಟ್ರು ಕಂಡಿದ್ದರೆ ಇದೂ ರೇಟಿನ ಮಾತೇ ಅನ್ನುತ್ತಿದ್ದರು.

"ಆಗಿತ್ತು ಕಣಪ್ಪ. ನೀನು ಹೆಣ್ಣು ನೋಡೋಕೆ ಬಂದ ಮಾರನೇ ದಿನವೇ ಹೂವು ದಬಕ್ಕನೆ ಬಲಕ್ಕೆ ಬಿತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೇಳ್ಬುಟ್ಟಿದ್ರೆ ನೀನು ಛತ್ರ, ಓಲಗ ಅಂತ ಓಡಾಡ್ತಿದ್ದೆ. ನಂಗೆ ಕ್ಯಾಸೆಟ್ ಯಾರು ಕಳಿಸ್ತಿದ್ರು?"